ನೀರು ನಿಧಾನಕ್ಕೆ ಇಳಿಯಲಿ ಎಂದವರು

ಅವರು ಜನ್ಮದಲ್ಲಿ ಮೀನು ತಿಂದವರಲ್ಲ. ಮೊಟ್ಟೆ ಹಾಕಿರಬಹುದು ಎಂಬ ಅನುಮಾನಕ್ಕೆ ಬೇಕರಿಯ ಕೇಕನ್ನೂ ಮುಟ್ಟುತ್ತಿರಲಿಲ್ಲ. ಹಾಗಿದ್ದೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದರು. ಈ ವರ್ಷದ ಶ್ರಾವಣದಲ್ಲಿ ಗುಬ್ಬಿಯ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತೆಂಗಿನ ತೋಟವಿರುವ, ಲಿಂಗಪೂಜೆ ತಪ್ಪದ ಮನೆ ಅದು. ನೆಂಟರಿಷ್ಟರ ಪಾಲಿಗೆ ಅವರು ಇವತ್ತಿಗೂ ಕೃಷಿ ಇಲಾಖೆಯಲ್ಲಿದ್ದವರು. ನಾನು ಹೆಸರು ಬರೆದು ಅದನ್ನು ಕೆಡಿಸುವುದು ಸರಿಯಲ್ಲ. ನಮ್ಮ ಡ್ಯಾಮಿನ ಸುತ್ತಮುತ್ತಲಿನವರಿಗೆ ಅವರು ಮೀನಿನ ಮೇಡಂ. ಅಷ್ಟು ಸಾಕು.

ನಾನು ಕುಣಿಗಲ್ ತಾಲ್ಲೂಕಿನ ಆ ಡ್ಯಾಮಿನಲ್ಲಿ ತೂಬಿನ ಗೇಟು ಎತ್ತಿ ಇಳಿಸುವ ನೌಕರ. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ಡ್ಯಾಮಿನ ಕೆಳಗೆ ಖಾಸಗಿ ಕಂಪನಿಯೊಂದರ ಸಣ್ಣ ಪವರ್ ಹೌಸ್ ಇದೆ. ಮಳೆಗಾಲದಲ್ಲಿ ಹೊಳೆಗೆ ಬಿಡುವ ನೀರು ಅದರ ಮಷೀನನ್ನು ತಿರುಗಿಸಿ ಮುಂದೆ ಹೋಗುತ್ತದೆ. ಬೆಳಿಗ್ಗೆ ಶುರುವಾದ ಮಷೀನು, ಆ ದಿನದ ಪಾಲಿನ ನೀರು ಮುಗಿದಾಗ, ಸಂಜೆ ಐದೂವರೆಗೆ ನಿಲ್ಲುತ್ತದೆ. ಮಷೀನು ನಿಂತ ಕೂಡಲೇ ಹೊಳೆ ಬತ್ತಬಾರದು. ಅದಕ್ಕೆ ಪಕ್ಕದ ತೂಬನ್ನು ತೆರೆದು, ಒಂದು ಗಂಟೆಯ ಹೊತ್ತು ಅದನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬರಬೇಕು. ಇದು ನನ್ನ ಕೆಲಸ. ತೂಬಿನ ಕೋಣೆಯ ಗೋಡೆಗೆ ಈ ನಿಯಮವನ್ನು ಒಂದು ಬೋರ್ಡಿನಲ್ಲಿ ಬರೆದು ಹಾಕಿದ್ದಾರೆ. ಯಾರು ಬರೆಸಿದರೋ, ಯಾಕೆ ಬರೆಸಿದರೋ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಬೋರ್ಡಿಗೆ ತುಕ್ಕು ಹಿಡಿದಿತ್ತು.

ತುಮಕೂರಿಗೆ ನನಗಿದ್ದ ಕಡೆಯ ಬಸ್ಸು ಆರೂಕಾಲಿಗೆ. ಬಸ್ ನಿಲ್ಲುವ ಜಾಗಕ್ಕೆ ತೂಬಿನಿಂದ ಕಾಲು ಗಂಟೆ ನಡಿಗೆ. ಐದೂವರೆಗೆ ಮಷೀನು ನಿಂತು, ನಾನು ಒಂದು ಗಂಟೆ ನಿಧಾನವಾಗಿ ಗೇಟು ಮುಚ್ಚುತ್ತ ಕೂತರೆ ಬಸ್ಸು ನನ್ನನ್ನು ಕಾಯುವುದಿಲ್ಲ. ಆದ್ದರಿಂದ ಹತ್ತೇ ನಿಮಿಷದಲ್ಲಿ ಚಕ್ರ ತಿರುಗಿಸಿ ಮುಚ್ಚಿ, ಮುಖ ತೊಳೆದು, ರಿಜಿಸ್ಟರಿನಲ್ಲಿ 'ಹಂತ ಹಂತವಾಗಿ ಮುಚ್ಚಲಾಗಿದೆ' ಎಂದು ಬರೆದು ಹೊರಡುತ್ತಿದ್ದೆ. ಹದಿನಾಲ್ಕು ವರ್ಷ ಹಾಗೇ ಬರೆದೆ. ಅಕ್ಷರ ದುಂಡಗಿದೆ ಎಂದು ಇಂಜಿನಿಯರ್ ಸಾಹೇಬರು ಹೊಗಳಿದ್ದರು.

ಮೇಡಂ ಮೊದಲ ಸಲ ಬಂದಾಗ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಶಾಲೆಯ ಮಕ್ಕಳ ಬಿಳಿ ಶೂ ಹಾಕಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಲೆ. ವಿಜಿಲೆನ್ಸಿನವರು ವೇಷ ಹಾಕಿಕೊಂಡು ಬಂದಿದ್ದಾರೆ ಎಂದುಕೊಂಡು ನಾನು ಎದ್ದು ನಿಂತೆ. ಅವರು ನನ್ನನ್ನು ಏನೂ ಕೇಳದೆ ಹೊಳೆಗೆ ಇಳಿದು, ಬಂಡೆಗಳ ನಡುವೆ ಎರಡು ಗಂಟೆ ಬಗ್ಗಿ ಬಗ್ಗಿ ನೋಡಿ, ಮೇಲೆ ಬಂದು, ಬುತ್ತಿ ಬಿಚ್ಚಿ ಮೊಸರನ್ನ ತಿಂದು ಹೋದರು. ಹೋಗುವಾಗ ಗೋಡೆಯ ಮೇಲಿನ ಬೋರ್ಡನ್ನು ಪೂರ್ತಿ ಓದಿದರು. ನಾನು ಕಂಡಂತೆ ಅದನ್ನು ಓದಿದ ಮೊದಲ ಮನುಷ್ಯರು ಅವರೇ.

ಅವರ ತಲೆಗೆ ಹತ್ತಿದ್ದು ಒಂದು ಜಾತಿಯ ಗೆಂಡೆ ಮೀನು. ರೆಕ್ಕೆಯ ತುದಿ ಕೆಂಪಗಿರುತ್ತದೆ. ನಮ್ಮ ಹೊಳೆಯಲ್ಲಿ ಒಂದು ಕಾಲಕ್ಕೆ ಬುಟ್ಟಿಗಟ್ಟಲೆ ಸಿಗುತ್ತಿತ್ತಂತೆ. ಈಗ ಕೆಳಗಿನ ಆಳದ ಮಡುಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಮುಂಗಾರಿನ ಮೊದಲ ಮಳೆ ಬಿದ್ದಾಗ ಅವು ಡ್ಯಾಮಿನ ಬುಡದ ಕಲ್ಲುಗುಂಡಿನ ಜಾಗಕ್ಕೆ ಹತ್ತಿ ಬಂದು ಮೊಟ್ಟೆ ಇಡುತ್ತವೆ. ಮರಿಗಳು ಒಂದೆರಡು ತಿಂಗಳು ದಡದ ತೆಳು ನೀರಿನಲ್ಲಿರುತ್ತವೆ. ನೀರು ನಿಧಾನವಾಗಿ ಇಳಿದರೆ ಅದರ ಜೊತೆಗೇ ಜಾರಿ ಹೊಳೆಯ ನಡುವಿಗೆ ಹೋಗುತ್ತವೆ. ಒಮ್ಮೆಲೇ ಇಳಿದರೆ ಬಂಡೆಯ ಗುಳಿಗಳಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಇದನ್ನು ಮೇಡಂ ನನಗೆ ಒಂದು ತಟ್ಟೆಯಲ್ಲಿ ನೀರು ಹಾಕಿ, ಅಕ್ಕಿಕಾಳು ಬಿಟ್ಟು, ಎರಡು ಬಗೆಯಲ್ಲಿ ಬಗ್ಗಿಸಿ ತೋರಿಸಿದ್ದರು. ಅಕ್ಕಿಯನ್ನು ಆಮೇಲೆ ಒಣಗಿಸಿ ಡಬ್ಬಿಗೆ ಹಾಕಿಕೊಂಡರು.

ಸರ್ಕಾರ ಈ ಮೀನನ್ನು ಉಳಿಸಲು ಒಂದು ಯೋಜನೆ ಮಾಡಿತ್ತು. ಮೂರು ಮಳೆಗಾಲ ನೋಡುವುದು. ಅಷ್ಟರಲ್ಲಿ ಡ್ಯಾಮಿನ ಕೆಳಗೆ ಬದುಕಿದ ಮರಿ ಕಣ್ಣಿಗೆ ಬೀಳದಿದ್ದರೆ ಯೋಜನೆಯನ್ನು ಮುಚ್ಚುವುದು. ಮೂರನೆಯ ಮಳೆಗಾಲ ಮುಗಿಯುವುದಕ್ಕೂ ಮೇಡಂ ನಿವೃತ್ತರಾಗುವುದಕ್ಕೂ ಸರಿಹೋಗುತ್ತಿತ್ತು. ಸೇವೆಯುದ್ದಕ್ಕೂ ಕೆರೆಗಳಿಗೆ ಸಾಕುಮೀನಿನ ಮರಿ ಬಿಡಿಸಿದವರು ಅವರು. ಬೇಗ ಬೆಳೆಯುವ, ಹಿಡಿಯುವ, ಮಾರುವ ಮೀನು. ಯಾರೂ ಕೇಳದ ಮೀನೊಂದಕ್ಕೆ ಏನಾದರೂ ಮಾಡಿ ಮನೆಗೆ ಹೋಗಬೇಕು ಎಂಬುದು ಅವರ ಆಸೆ. ಇದನ್ನು ಅವರು ಒಂದೇ ಸಲ ಹೇಳಿದ್ದು, ಅದೂ ಶೂ ಲೇಸು ಕಟ್ಟುತ್ತ.

ಅವರಿಗೆ ಮೀನನ್ನು ಒಣ ಕೈಯಲ್ಲಿ ಮುಟ್ಟಿದರೆ ಆಗುತ್ತಿರಲಿಲ್ಲ. ಯಾರು ಮುಟ್ಟಲು ಹೋದರೂ ಮೊದಲು ಕೈ ಒದ್ದೆ ಮಾಡಿಕೊಳ್ಳಲು ಹೇಳುತ್ತಿದ್ದರು. ಒಂದು ಸಲ ಕೆರೆಯ ಮೀನಿನ ಗುತ್ತಿಗೆದಾರ ತೋಳುದ್ದದ ಮೀನೊಂದನ್ನು ಮನೆಗೆ ಒಯ್ಯಿರಿ ಎಂದು ತಂದುಕೊಟ್ಟ. ಮೇಡಂ ಅದರ ಉದ್ದ ಅಳೆದು, ತೂಕ ಬರೆದುಕೊಂಡು, ಕಿವಿರು ಬಿಡಿಸಿ ನೋಡಿ, ಚೆನ್ನಾಗಿದೆ ಎಂದು ವಾಪಸು ಕೊಟ್ಟರು. ಅವನು ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.

ಮನೆಯಲ್ಲಿ ಅವರ ಅತ್ತೆ ಇದ್ದಷ್ಟು ಕಾಲವೂ ಕೆಲಸದಿಂದ ಬಂದವರು ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕಿತ್ತು. ಚಳಿ, ಜ್ವರ ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ಇದನ್ನು ಅವರು ದೂರಿನ ಹಾಗೆ ಹೇಳುತ್ತಿರಲಿಲ್ಲ. ಮೀನಿಗಿಂತ ಹೆಚ್ಚು ಹೊತ್ತು ನೀರಿನಲ್ಲಿ ಕಳೆದವಳು ನಾನೇ ಎನ್ನುತ್ತಿದ್ದರು. ಸೊಸೆ ಬಂದ ಮೇಲೆ ಆ ನಿಯಮ ಹೋಯಿತು, ಆದರೆ ಅಷ್ಟರಲ್ಲಿ ಅವರಿಗೆ ಅಭ್ಯಾಸವಾಗಿತ್ತು.

ತುಮಕೂರಿನ ಜಿಲ್ಲಾ ಕಚೇರಿಯಲ್ಲಿ ಈ ಮೀನಿನ ಸಭೆ ನಡೆಯುತ್ತಿತ್ತು. ರಿಜಿಸ್ಟರು ಹೊತ್ತುಕೊಂಡು ನಾನೂ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಅಲ್ಲಿ ಪವರ್ ಹೌಸಿನ ಮ್ಯಾನೇಜರು ಒಂದು ನಿಮಿಷ ಮೊದಲು ಮಷೀನು ನಿಲ್ಲಿಸಿದರೂ ತಮ್ಮ ಕಂಪನಿಗೆ ಎಷ್ಟು ಕಷ್ಟ ಎಂದು ಹೇಳುತ್ತಿದ್ದರು. ಅವರು ಕೆಟ್ಟವರಲ್ಲ, ಕಷ್ಟ ಹೇಳಲಿ ಎಂದೇ ಅವರನ್ನು ಇಟ್ಟುಕೊಂಡಿದ್ದರು. ರೈತರ ಕಡೆಯವರು, ತೆಂಗಿಗೆ ಇಲ್ಲದ ನೀರು ಮೀನಿಗೆ ಎಲ್ಲಿಂದ ಬಂತು ಎಂದು ಕೇಳುತ್ತಿದ್ದರು. ನಮ್ಮ ಇಂಜಿನಿಯರ್ ಸಾಹೇಬರು ನಿಯಮದ ಪ್ರಕಾರವೇ ಎಲ್ಲ ನಡೆಯುತ್ತಿದೆ ಎಂದು ನನ್ನ ರಿಜಿಸ್ಟರು ತೋರಿಸುತ್ತಿದ್ದರು. ಆಮೇಲೆ ಬೋಂಡ, ಕಾಫಿ. ಮುಂದಿನ ಸಭೆಯಲ್ಲೂ ಇದೇ, ಬೋಂಡದ ಬದಲು ಬಿಸ್ಕತ್ತು.

ಮೇಡಂ ಎಲ್ಲರೂ ಮುಗಿಸಿದ ಮೇಲೆ ಮಾತಾಡುತ್ತಿದ್ದರು.

"ನಂಗೂ ಗುಬ್ಬೀಲಿ ತೆಂಗಿನ ತೋಟ ಐತೆ ಕಣ್ರೀ. ಕಾಲುವೆ ನೀರು ನೋಡ್ಕಂಡು ನಾನೂ ಕೂತಿರ್ತೀನಿ. ನಾನು ಜಾಸ್ತಿ ನೀರು ಕೇಳ್ತಿಲ್ಲ. ಇರೋ ನೀರು ನಿಧಾನಕ್ಕೆ ಇಳೀಲಿ ಅಂತಿದೀನಿ."

ನಿಧಾನವಾಗಿಯೇ ಇಳಿಯುತ್ತಿದೆ ಎಂದು ಸಾಹೇಬರು ಮತ್ತೆ ರಿಜಿಸ್ಟರು ತೋರಿಸುತ್ತಿದ್ದರು. ಮೇಡಂ ಅದನ್ನು ನೋಡಿ, ಅಕ್ಷರ ಚೆನ್ನಾಗಿದೆ ಎಂದರು. ನನಗೆ ಹೆಮ್ಮೆಯಾಯಿತು. ನಾನು ಅಷ್ಟು ದಡ್ಡ.

ಅವರು ಯಾರ ಮೇಲೂ ದೂರು ಹಾಕಲಿಲ್ಲ. ಡ್ಯಾಮಿನ ಕೆಳಗಿನ ಬಂಡೆಗಳ ನಡುವೆ ಒಂದು ಬಿದಿರು ಕೋಲು ನೆಟ್ಟು, ಅದಕ್ಕೆ ಸೊಸೆಯ ಉಗುರಿನ ಬಣ್ಣದಲ್ಲಿ ನಾಲ್ಕು ಕೆಂಪು ಗೆರೆ ಎಳೆದರು. ಪಕ್ಕದ ಹಳ್ಳಿಯ ಒಬ್ಬ ಅಜ್ಜಿ ದಿನಾ ಸಂಜೆ ಅಲ್ಲಿ ಎಮ್ಮೆ ಮೈತೊಳೆಯಲು ಬರುತ್ತಿತ್ತು. ಅಜ್ಜಿಗೆ ಓದಲು ಬರೆಯಲು ಬಾರದು. ಮೊಬೈಲಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಗೊತ್ತು. ನೀರು ಇಳಿದು ಒಂದೊಂದು ಗೆರೆ ಕಾಣಿಸಿದಾಗಲೂ ಮೇಡಮ್ಮಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು ಎಂದು ಮಾತಾಯಿತು. ಅಜ್ಜಿ ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಕೊಟ್ಟಿತು. ಗುಬ್ಬಿಯಲ್ಲಿ ಸಂಜೆ ಕಾಫಿ ಕುಡಿಯುತ್ತ ಮೇಡಂ ಮಿಸ್ಡ್ ಕಾಲ್ ಬಂದ ಹೊತ್ತನ್ನು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದುಕೊಂಡರು. ವಾರದ ಆರು ದಿನ ನಾಲ್ಕು ಮಿಸ್ಡ್ ಕಾಲ್‌ಗಳೂ ಹತ್ತು ನಿಮಿಷದೊಳಗೆ ಬಂದಿದ್ದವು. ಭಾನುವಾರ ಮಾತ್ರ ಕಾಲು ಗಂಟೆಗೊಂದರಂತೆ. ಭಾನುವಾರ ನನಗೆ ರಜ. ಅವತ್ತು ತೂಬು ನೋಡಿಕೊಳ್ಳುವವನು ಅದೇ ಹಳ್ಳಿಯವನು, ಬಸ್ಸಿನ ಹಂಗಿಲ್ಲದವನು.

ಒಂದು ಸಂಜೆ ಅವರು ತೂಬಿನ ಕೋಣೆಯ ಮೆಟ್ಟಿಲಲ್ಲಿ ಬಂದು ಕೂತರು. ನಾನು ಚಕ್ರ ತಿರುಗಿಸಿ, ಮುಖ ತೊಳೆದು, ರಿಜಿಸ್ಟರು ಬರೆದು ಹೊರಟೆ. ಅವರೂ ಹೊರಟರು. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತರು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಆ ಬಸ್ಸು ಮೂವತ್ತೈದು ನಿಮಿಷ ನಿಲ್ಲುತ್ತದೆ. ಡ್ರೈವರ್ ಕಂಡಕ್ಟರು ಟೀ ಕುಡಿಯಲು ಇಳಿಯುತ್ತಾರೆ. ಆಗ ಮುಂದಕ್ಕೆ ಬಗ್ಗಿ, ದಿನಾ ಇದೇ ಬಸ್ಸಾ ಎಂದು ಕೇಳಿದರು. ಹೌದು ಎಂದೆ. ತಪ್ಪಿದರೆ ಎಂದರು. ತಪ್ಪಿದರೆ ಸೊಳ್ಳೆಗಳ ಜೊತೆ ಹಳೇ ಕ್ವಾರ್ಟರ್ಸಿನಲ್ಲಿ ಮಲಗಬೇಕು ಎಂದೆ. ಅವರು ತಲೆಯಾಡಿಸಿದರು. ಅವರಿಗೆ ಎಲ್ಲ ತಿಳಿದಿದೆ ಎಂದು ನನಗೆ ಆಗ ಹೊಳೆಯಿತು. ಕೋಪ ಬಂತು, ತಪ್ಪು ನಮ್ಮದಾದಾಗ ಬರುವ ಕೋಪ.

"ಅಲ್ಲಾ ಮೇಡಂ, ಮೀನಿಗೋಸ್ಕರ ನಾನ್ ತುಮಕೂರ್ ಗಂಟ ನಡ್ಕಂಡ್ ಹೋಗ್ಲಾ?"

"ನೀನ್ಯಾಕಪ್ಪ ನಡೀತೀಯ. ಬಸ್ಸಿನೋರ್ನ ಕೇಳಾನ ಇರು."

ನನ್ನನ್ನು ಸಸ್ಪೆಂಡ್ ಮಾಡಿಸಬಹುದಿತ್ತು. ಅದರ ಬದಲು ಅವರು ಮಾರನೆಯ ದಿನ ಬಸ್ ಡಿಪೊಗೆ ಹೋಗಿ, ಅಳಿವಿನ ಅಂಚಿನಲ್ಲಿರುವ ಒಂದು ಮೀನಿಗಾಗಿ ಆರೂಕಾಲಿನ ಬಸ್ಸನ್ನು ಆರು ಐವತ್ತಕ್ಕೆ ಬಿಡಬೇಕು ಎಂದು ಅರ್ಜಿ ಕೊಟ್ಟರು. ಡಿಪೊದಲ್ಲಿ ಅದನ್ನು ಮೂವರು ಓದಿದರು. ಮೂರನೆಯವರು ಕುರ್ಚಿ ಹಾಕಿಸಿದರು.

ಆಗ ಇನ್ನೊಂದು ತೊಡಕು ಕಾಣಿಸಿತು. ಆ ಬಸ್ಸಿನಲ್ಲಿ ವಸಂತನರಸಾಪುರದ ಫ್ಯಾಕ್ಟರಿಗಳಿಗೆ ರಾತ್ರಿ ಪಾಳಿಗೆ ಹೋಗುವವರು ಏಳೆಂಟು ಜನ ಇದ್ದರು. ಬಸ್ಸು ತಡವಾದರೆ ತುಮಕೂರಿನಲ್ಲಿ ಅವರ ಕಂಪನಿಯ ವ್ಯಾನು ಹೊರಟುಹೋಗುತ್ತದೆ. ಮೀನಿಗೆ ಮೂವತ್ತೈದು ನಿಮಿಷ ಬೇಕು ಎಂದರೆ ಅದನ್ನು ಇವರಿಂದ ಕಿತ್ತುಕೊಡಬೇಕು. ಮೇಡಂ ಅದಕ್ಕೆ ಒಪ್ಪಲಿಲ್ಲ. ಎರಡು ವಾರ ಅದೇ ಬಸ್ಸಿನಲ್ಲಿ ಓಡಾಡಿದರು. ಆಮೇಲೆ ಅವರಿಗೆ ಹೊಳೆದದ್ದು ಕುಣಿಗಲ್ಲಿನ ಟೀ. ಡ್ರೈವರ್ ಕಂಡಕ್ಟರು ಟೀಯನ್ನು ಕುಣಿಗಲ್ಲಿನಲ್ಲಿ ಕುಡಿಯುವ ಬದಲು ಡ್ಯಾಮಿನ ಹತ್ತಿರವೇ ಕುಡಿದು, ಆರು ಐವತ್ತಕ್ಕೆ ಹೊರಟು, ಕುಣಿಗಲ್ಲಿನಲ್ಲಿ ನಿಲ್ಲದೆ ಹೋದರೆ ತುಮಕೂರಿಗೆ ಮೊದಲಿನ ಹೊತ್ತಿಗೇ ಮುಟ್ಟುತ್ತದೆ. ಪಾಳಿಯವರಿಗೆ ವ್ಯಾನು ಸಿಗುತ್ತದೆ, ನನಗೆ ಬಸ್ಸು ಸಿಗುತ್ತದೆ, ಮೀನಿಗೆ ಒಂದು ಗಂಟೆ ಸಿಗುತ್ತದೆ.

ಡಿಪೊದವರು ಒಪ್ಪಿದರು, ಡ್ರೈವರು ಒಪ್ಪಲಿಲ್ಲ. ಡ್ಯಾಮಿನ ಹತ್ತಿರ ಟೀ ಅಂಗಡಿ ಇಲ್ಲ ಎಂದ. ಅದು ನಿಜವೇ. ಮುಂದಿನ ಸಭೆಯಲ್ಲಿ ಮೇಡಂ ಎಂದಿನಂತೆ ಕೊನೆಗೆ ಎದ್ದು, ಮಷೀನು ಮೊದಲೇ ನಿಲ್ಲಿಸಿ ಎಂಬ ನನ್ನ ಹಳೇ ಬೇಡಿಕೆಯನ್ನು ಕೈಬಿಟ್ಟಿದ್ದೇನೆ, ಬದಲಿಗೆ ಪವರ್ ಹೌಸಿನ ಕ್ಯಾಂಟೀನಿನಿಂದ ದಿನಾ ಸಂಜೆ ಎರಡು ಟೀ ಬೇಕು ಎಂದರು. ಮ್ಯಾನೇಜರು ಇದರಲ್ಲಿ ಏನೋ ಮೋಸ ಇದೆ ಎಂದು ಬಹಳ ಹೊತ್ತು ಯೋಚಿಸಿದರು. ಮೇಲಿನವರಿಗೆ ಫೋನು ಮಾಡಿ ಬಂದು, ಸಕ್ಕರೆ ಹಾಕಿಯೋ ಇಲ್ಲದೆಯೋ ಎಂದು ಕೇಳಿದರು. ಸಭೆಯ ನಡವಳಿಯಲ್ಲಿ 'ಸದರಿ ಮೀನಿನ ಸಂರಕ್ಷಣೆಯ ಹಿತದೃಷ್ಟಿಯಿಂದ ಚಾಲಕ ಹಾಗೂ ನಿರ್ವಾಹಕರಿಗೆ ಟೀ ಒದಗಿಸುವುದು' ಎಂದು ಬರೆದರು. ಅದರ ಪ್ರತಿ ನನ್ನ ಹತ್ತಿರ ಇದೆ.

ಎರಡನೆಯ ಮಳೆಗಾಲದಲ್ಲಿ ಹೀಗೆ ಶುರುವಾಯಿತು. ಮಷೀನು ನಿಂತ ಮೇಲೆ ನಾನು ಕಾಲು ಗಂಟೆಗೊಮ್ಮೆ ಚಕ್ರ ತಿರುಗಿಸುತ್ತ ಕೂರುತ್ತಿದ್ದೆ. ಹದಿನಾಲ್ಕು ವರ್ಷದ ಮೇಲೆ ರಿಜಿಸ್ಟರಿನಲ್ಲಿ ಬರೆದ ಮಾತು ನಿಜವಾಗತೊಡಗಿತು. ಬಿಡುವಿನಲ್ಲಿ ಹೊಳೆಯನ್ನು ನೋಡುವುದು ಅಭ್ಯಾಸವಾಯಿತು. ಮೇಡಂ ಬಂದ ದಿನ ಮರಿ ಗುರುತಿಸಲು ಕಲಿಸುತ್ತಿದ್ದರು. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇದ್ದರೆ ಅದು ಯಾವುದೋ ಮಾಮೂಲು ಮೀನು. ಚುಕ್ಕೆ ಇಲ್ಲದೆ ರೆಕ್ಕೆಯ ಅಂಚು ನಸುಗೆಂಪಾಗಿದ್ದರೆ ನಮ್ಮದು. ಬೆರಳುಗುರಿನಷ್ಟು ಮರಿಯಲ್ಲಿ ಇದನ್ನು ಕಾಣಲು ಒದ್ದೆ ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿಯಬೇಕು. ಆ ವರ್ಷ ದೊಡ್ಡ ಮೀನು ಬಂದದ್ದನ್ನು ಅಜ್ಜಿ ನೋಡಿತು. ಆದರೆ ಮರಿ ಸಿಗಲಿಲ್ಲ. ನಾವು ಶುರುಮಾಡಿದ್ದೇ ತಡವಾಗಿತ್ತು ಎಂದರು ಮೇಡಂ.

ಮೂರನೆಯ ವರ್ಷ ಆಷಾಢದಲ್ಲಿ ಸಿಕ್ಕವು. ಬಂಡೆಗಳ ಪಕ್ಕದ ಒಂದು ತೆಳು ನೀರಿನ ಗುಳಿಯಲ್ಲಿ ಮೇಡಂ ಕೈ ಅದ್ದಿ ಎತ್ತಿದರೆ ಅಂಗೈಯಲ್ಲಿ ಎರಡು. ಚುಕ್ಕೆ ಇಲ್ಲ. ಅವರು ಕೈಯನ್ನು ನನ್ನ ಕಡೆ ಹಿಡಿದರು, ಆಮೇಲೆ ಅಜ್ಜಿಯ ಕಡೆ ಹಿಡಿದರು, ಎಮ್ಮೆಗೂ ತೋರಿಸುವಂತಿದ್ದರು. ನೀರಿಗೆ ಬಿಟ್ಟು, ಬಂಡೆಯ ಮೇಲೆ ಕೂತು, ಶೂ ಬಿಚ್ಚಿ ಕಾಲು ಇಳಿಬಿಟ್ಟರು. ಅವರು ಹಾಗೆ ಕೆಲಸವಿಲ್ಲದೆ ಕೂತಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಸಭೆ ನಡೆಸುವ ಸಮಿತಿಯವರು ಬಂದು ಕಣ್ಣಾರೆ ನೋಡಿ ಬರೆದುಕೊಂಡರೆ ಯೋಜನೆ ಮುಂದುವರಿಯುತ್ತದೆ. ಬರುವ ಗುರುವಾರ ಬರುತ್ತೇವೆ ಎಂದು ಅವರಿಂದ ಉತ್ತರ ಬಂತು.

ಮಂಗಳವಾರ ಸಂಜೆ ಐದೂವರೆಗೆ ಮಷೀನು ನಿಂತಿತು. ನಾನು ಚಕ್ರದ ಹತ್ತಿರ ಇದ್ದೆ. ಪವರ್ ಹೌಸಿನ ಮ್ಯಾನೇಜರು ಕಾರಿನಲ್ಲಿ ಬಂದು ನಿಲ್ಲಿಸಿ, ತುಮಕೂರಿಗೆ ಹೊರಟಿದೀನಿ, ಬರ್ತೀರಾ, ಉಪ್ಪಾರಹಳ್ಳಿಗೇ ಬಿಡ್ತೀನಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಕರೆದರು. ಹತ್ತು ನಿಮಿಷ ಕಾಯುತ್ತೇನೆ ಎಂದೂ ಹೇಳಿದರು.

ಅವತ್ತು ಮನೆಯಲ್ಲಿ ಯಾರಿಗೂ ಹುಷಾರು ತಪ್ಪಿರಲಿಲ್ಲ. ಯಾರ ಮದುವೆಯೂ ಇರಲಿಲ್ಲ. ಏನಾದರೂ ಕಾರಣ ಸಿಗುತ್ತದೆಯೇ ಎಂದು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಕಾರಿನಲ್ಲಿ ಎಸಿ ಇತ್ತು. ಒಂದು ದಿನಕ್ಕೆ ಏನಾಗುತ್ತದೆ ಎನ್ನಿಸಿತು. ಹತ್ತು ನಿಮಿಷದಲ್ಲಿ ತೂಬು ಮುಚ್ಚಿ, 'ಹಂತ ಹಂತವಾಗಿ' ಎಂದು ಬರೆದು, ಮುಂದಿನ ಸೀಟಿನಲ್ಲಿ ಕೂತು ಬಂದೆ.

ಬುಧವಾರ ಬೆಳಿಗ್ಗೆ ನಾನು ಹೋಗುವ ಮೊದಲೇ ಮೇಡಂ ಬಂದಿದ್ದರು. ಗುಳಿಯಲ್ಲಿ ನೀರಿರಲಿಲ್ಲ. ಕೊಕ್ಕರೆಗಳು ತಿಂದು ಉಳಿಸಿದ್ದು ಕಲ್ಲಿಗೆ ಅಂಟಿಕೊಂಡಿತ್ತು. ಅವರು ಮಂಡಿಯೂರಿ, ಬುತ್ತಿಯ ಮುಚ್ಚಳಕ್ಕೆ ಒಂದೊಂದನ್ನೇ ಎತ್ತಿ ಹಾಕುತ್ತಿದ್ದರು. ಸತ್ತವನ್ನೂ ಒದ್ದೆ ಕೈಯಲ್ಲೇ ಎತ್ತುತ್ತಿದ್ದರು. ನನ್ನನ್ನು ನೋಡಿ, ನಿನ್ನೆ ಹೇಗೆ ಮುಚ್ಚಿದೆ ಎಂದು ಕೇಳಿದರು. ದನಿ ಎತ್ತರಿಸಲಿಲ್ಲ.

"ದಿನದಂಗೇ ಮೇಡಂ. ನಿಧಾನಕ್ಕೇ ಮುಚ್ಚಿದ್ನಲ್ಲ, ಬುಕ್ಕಲ್ಲೂ ಬರ್ದಿವ್ನಿ ನೋಡಿ."

ಅವರು ಬುಕ್ಕು ನೋಡಲಿಲ್ಲ. ಸರಿ ಎಂದು ಮತ್ತೆ ಬಗ್ಗಿದರು. ಅಜ್ಜಿ ಮಿಸ್ಡ್ ಕಾಲ್ ಕೊಡುವುದನ್ನು ಇನ್ನೂ ಬಿಟ್ಟಿರಲಿಲ್ಲ. ಹಿಂದಿನ ಸಂಜೆ ಗುಬ್ಬಿಯಲ್ಲಿ ಅವರ ಫೋನಿಗೆ ಅಜ್ಜಿಯ ನಾಲ್ಕು ಮಿಸ್ಡ್ ಕಾಲುಗಳು ಒಂದರ ಹಿಂದೆ ಒಂದು ಬಂದಿದ್ದವು. ಅದು ನನಗೆ ಗೊತ್ತಿರಬೇಕಿತ್ತು. ಆ ಕೋಲು, ಆ ಅಜ್ಜಿ ಎಲ್ಲ ನನ್ನ ಕಣ್ಣ ಮುಂದೆಯೇ ಇದ್ದವು, ಆದರೂ ಆ ಹೊತ್ತಿಗೆ ಸುಳ್ಳು ತಾನಾಗಿ ಬಾಯಿಗೆ ಬಂತು. ನಾಲ್ಕೂ ಮಿಸ್ಡ್ ಕಾಲ್ ಕೊಟ್ಟಿದ್ದನ್ನು ಅಜ್ಜಿಯೇ ನನಗೆ ಆಮೇಲೆ ಹೇಳಿತು.

ಗುರುವಾರ ಸಮಿತಿ ಬಂತು. ಒಣಗಿದ ಗುಳಿಯನ್ನು ಸುತ್ತುವರಿದು ನೋಡಿತು. ಕಾರಣದ ಕಾಲಮ್ಮಿನಲ್ಲಿ ಮೇಡಂ 'ನೀರು ಬೇಗ ಇಳಿದದ್ದು' ಎಂದಷ್ಟೇ ಬರೆದರು. ಯಾರಿಂದ ಎಂದು ಸಾಹೇಬರು ಕೇಳಿದಾಗ, ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ ಎಂದರು. ಯೋಜನೆಯನ್ನು ಮುಚ್ಚಿದರು. ಕೊನೆಯ ವರದಿಯಲ್ಲಿ ಫಲಿತಾಂಶ ಎಂಬಲ್ಲಿ 'ಕಂಡುಬಂದಿಲ್ಲ' ಎಂದು ಮೇಡಂ ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಎರಡು ತಿಂಗಳಿಗೆ ನಿವೃತ್ತರಾದರು. ಬೀಳ್ಕೊಡುಗೆಗೆ ನನ್ನನ್ನು ಕರೆದಿದ್ದರು. ಮಾಮೂಲಿನಂತೆ ಮಾತಾಡಿಸಿದರು, ಹೋಳಿಗೆಗೆ ತುಪ್ಪ ಹಾಕಿಸಿದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತಪ್ಪೊಪ್ಪಿಕೊಳ್ಳೋಣ ಎಂದು ಎರಡು ಸಲ ಹತ್ತಿರ ಹೋದೆ. ಎರಡು ಸಲವೂ ಯಾರೋ ಫೋಟೋಕ್ಕೆ ಕರೆದರು. ಮೂರನೆಯ ಸಲ ನಾನೇ ಹೋಗಲಿಲ್ಲ.

ಯೋಜನೆ ಹೋದ ಮೇಲೆ ಟೀ ನಿಂತಿತು. ಟೀ ನಿಂತ ಮೇಲೆ ಬಸ್ಸು ಮತ್ತೆ ಆರೂಕಾಲಿಗೆ ಹೊರಡತೊಡಗಿತು. ನಾನು ಮಳೆಗಾಲದ ತಿಂಗಳುಗಳಲ್ಲಿ ಹಳೇ ಕ್ವಾರ್ಟರ್ಸಿನಲ್ಲೇ ಉಳಿದುಕೊಳ್ಳಲು ಶುರುಮಾಡಿದೆ. ತೂಬನ್ನು ಒಂದು ಗಂಟೆ ಹೊತ್ತು ಮುಚ್ಚಿ, ಅನ್ನ ಮಾಡಿಕೊಂಡು ತಿಂದು ಮಲಗುತ್ತೇನೆ. ರಜದ ಭಾನುವಾರ ಬೆಳಿಗ್ಗೆ ಮನೆಗೆ ಹೋಗುತ್ತೇನೆ. ಯಾರೂ ಹೇಳಿದ್ದಲ್ಲ. ಸಾಹೇಬರು ಬದಲಾದರು, ಹೊಸಬರು ಕೇಳಲೂ ಇಲ್ಲ. ಹೆಂಡತಿ ಮಾತ್ರ ನೆರೆಯವರ ಹತ್ತಿರ, ನಮ್ಮನೆಯೋರು ಮಳೆಗಾಲಕ್ಕೆ ಮೀನಿನ ಮನೆ ಅಳಿಯ ಎಂದು ಹೇಳಿಕೊಂಡು ಬಂದಳು. ಅಜ್ಜಿ ತೀರಿಕೊಂಡಿತು. ಬಿದಿರು ಕೋಲು ಒಂದು ನೆರೆಗೆ ಕೊಚ್ಚಿಹೋಯಿತು.

ನಾಲ್ಕು ಮಳೆಗಾಲ ಏನೂ ಕಾಣಲಿಲ್ಲ. ಈ ವರ್ಷ ಆಷಾಢ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ, ದಡದ ತೆಳು ನೀರಿನಲ್ಲಿ ಏನೋ ಮಿಸುಕಿತು. ಕೈ ಒದ್ದೆ ಮಾಡಿ ಎತ್ತಿದೆ. ಬಿಸಿಲಿಗೆ ಹಿಡಿದೆ. ಚುಕ್ಕೆ ಇಲ್ಲ. ಇನ್ನೊಂದು ಎತ್ತಿದೆ. ಅದಕ್ಕೂ ಇಲ್ಲ. ಆ ಗುಳಿಯಲ್ಲಿ, ಪಕ್ಕದ ಗುಳಿಯಲ್ಲಿ, ಅದರಾಚೆಯದರಲ್ಲಿ, ಎಲ್ಲ ಕಡೆ ಇದ್ದವು. ಹದಿನೈದು ದಿನ ಬೆಳಿಗ್ಗೆ ಸಂಜೆ ನೋಡಿದೆ. ಬೆಳೆದವು. ಒಂದು ದಿನ ನೀರಿನ ಜೊತೆ ಜಾರಿ ಹೊಳೆಯ ನಡುವಿಗೆ ಹೋದವು.

ಅವತ್ತೇ ಮೇಡಮ್ಮಿಗೆ ಫೋನು ಮಾಡಿದೆ. ಅವರ ಸೊಸೆ ಎತ್ತಿದರು. ಅತ್ತೆಗೆ ಹುಷಾರಿಲ್ಲ, ಮಲಗಿದ್ದಾರೆ, ಹೆಚ್ಚು ಮಾತಾಡುವುದಿಲ್ಲ ಎಂದರು. ನಾನು ಮರಿ ಸಿಕ್ಕ ಸಂಗತಿಯನ್ನೆಲ್ಲ ಹೇಳಿ, ದಯವಿಟ್ಟು ಈಗಲೇ ತಿಳಿಸಿ ಎಂದು ಬೇಡಿಕೊಂಡೆ. ಮೊಬೈಲಿನಲ್ಲಿ ಹಿಡಿದ ವಿಡಿಯೋ ಕೂಡ ಕಳಿಸಿದೆ. ಅದರಲ್ಲಿ ನೀರು ಕಾಣುತ್ತಿತ್ತು, ನನ್ನ ನೆರಳು ಕಾಣುತ್ತಿತ್ತು. ಭಾನುವಾರ ಬಂದು ನಾನೇ ಹೇಳುತ್ತೇನೆ ಎಂದೆ. ಶುಕ್ರವಾರ ಅವರು ಹೋದರು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಗುಬ್ಬಿಗೆ ಹೋದೆ. ಮನೆಯ ಮುಂದಿನ ಫ್ಲೆಕ್ಸಿನಲ್ಲಿ 'ನಿವೃತ್ತ ಸರ್ಕಾರಿ ಅಧಿಕಾರಿ' ಎಂದಿತ್ತು. ಪಂಕ್ತಿಯ ಕೊನೆಯಲ್ಲಿ ಕೂತಿದ್ದೆ. ಸೊಸೆ ಹುಡುಕಿಕೊಂಡು ಬಂದು, ಡ್ಯಾಮಿನವರು ನೀವೇನಾ ಎಂದು ಕೇಳಿದರು. ಹೌದು ಎಂದೆ. ನಾನು ಹೇಳಿದ್ದನ್ನು ಮೇಡಮ್ಮಿಗೆ ತಿಳಿಸಿದಿರಾ ಎಂದೆ.

"ಹೇಳ್ದೆ ಕಣಣ್ಣ. ಕಣ್ ಬಿಟ್ಕಂಡ್ ಪೂರ್ತಿ ಕೇಳಿಸ್ಕಂಡ್ರು. ಆಮೇಲೆ, ಪಾಪ, ನನ್ ಸಮಾಧಾನಕ್ಕೆ ಸುಳ್ ಹೇಳ್ತಾವ್ನೆ, ಒಳ್ಳೇನು ಅವ್ನು, ಬಂದ್ರೆ ಊಟ ಹಾಕ್ದೆ ಕಳಿಸ್ಬೇಡ ಅಂದ್ರು."

ಅದು ಸುಳ್ಳಲ್ಲ ಎಂದೆ ನಾನು. ಅದು ನನಗೆ ಯಾಕಷ್ಟು ಮುಖ್ಯ ಎಂದು ಅವರಿಗೆ ಅರ್ಥವಾಗಲಿಲ್ಲ. ಇರಲಿ ಅಣ್ಣ, ಊಟ ಮಾಡಿ ಎಂದು ಬಡಿಸುವವರನ್ನು ಕರೆದು, ನನ್ನ ಎಲೆಗೆ ಇನ್ನೊಂದು ಸಲ ಪಾಯಸ ಹಾಕಿಸಿದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಉಂಡೆ.